ಬಡ ರೈತನ ಜೋಡಿ ನಳಿಗೆ ಕೋವಿ

1939ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಜ್ಯಾಕ್ ಮಿಲ್ಲರ್ ಮತ್ತು ಫ್ರಾಂಕ್ ಲೇಟನ್ ಎಂಬಿಬ್ಬರು ನೋಂದಣಿ ಇಲ್ಲದ ಮೋಟು ಕೋವಿಯೊಂದನ್ನು ಒಕ್ಲಹೋಮಾ ರಾಜ್ಯದಿಂದ ಅರ್ಕನ್ಸಾ ರಾಜ್ಯಕ್ಕೆ ಸಾಗಿಸಿದರು ಎಂಬುದು ಆರೋಪ. ನಳಿಗೆ 18 ಅಂಗುಲಕ್ಕಿಂತ ಗಿಡ್ಡವಿದ್ದರೆ 200 ಡಾಲರ್ ತೆರಿಗೆ ಕಟ್ಟಿ ನೋಂದಣಿ ಮಾಡಿಸಬೇಕೆಂದು 1934ರ ಕಾಯ್ದೆ ಹೇಳಿತ್ತು. ಶಸ್ತ್ರ ಹೊಂದುವ ಹಕ್ಕಿನ ಬಗ್ಗೆ ಅಮೆರಿಕದಲ್ಲಿ ಇಂದಿಗೂ ನಡೆಯುವ ವಾದಗಳಲ್ಲಿ ಈ ತೀರ್ಪಿನ ಹೆಸರು ಬಾರದೆ ಇರುವುದಿಲ್ಲ. ಮೊಕದ್ದಮೆಗೆ ಕಾರಣವಾದ ಆ ಕೋವಿ ಯಾವುದು? ಸ್ಟೀವನ್ಸ್ ಕಂಪೆನಿಯ 12 ಬೋರಿನ ಜೋಡಿ ನಳಿಗೆ ಕೋವಿ.

ಅದು ಸ್ಟೀವನ್ಸ್ ಆಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಂದಿನ ಅಮೆರಿಕದಲ್ಲಿ ಸ್ಟೀವನ್ಸ್ ಎಂದರೆ ಅಗ್ಗದ ಕೋವಿ ಎಂದೇ ಅರ್ಥ. ಸರ್ಕಾರ ಕೇಳುತ್ತಿದ್ದ ತೆರಿಗೆಯ ಹಣದಲ್ಲಿ ಅಂಥ ಹಲವು ಕೋವಿಗಳನ್ನು ಕೊಳ್ಳಬಹುದಿತ್ತು. ರೈತನ ಅಡುಗೆಮನೆ ಬಾಗಿಲ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ, ಹಳ್ಳಿಯ ಅಂಗಡಿಯವನ ಗಲ್ಲಾಪೆಟ್ಟಿಗೆಯ ಕೆಳಗೆ ಇರುತ್ತಿದ್ದುದು ಇದೇ. ಆದರೆ ಸಾಮಾನ್ಯನ ಕೈಗೆಟಕುವ ಬೆಲೆಯಲ್ಲಿ ಜೋಡಿ ನಳಿಗೆ ಮಾಡುವುದನ್ನು ಅಮೆರಿಕದ ದೊಡ್ಡ ಕಾರ್ಖಾನೆಗಳು ಬಿಟ್ಟು ಈಗ ಮೂರು ದಶಕಗಳ ಮೇಲಾಗಿದೆ. ವರ್ಷವರ್ಷವೂ ಲಕ್ಷಾಂತರ ಬಂದೂಕುಗಳು ಮಾರಾಟವಾಗುವ ದೇಶದಲ್ಲಿ, ಒಂದು ಕಾಲಕ್ಕೆ ಎಲ್ಲಕ್ಕಿಂತ ಸಾಮಾನ್ಯವಾಗಿದ್ದ ಕೋವಿಯೇ ಏಕೆ ತಯಾರಾಗದಾಯಿತು? ಉತ್ತರ ಕಾನೂನಿನ ಪುಸ್ತಕದಲ್ಲಿಲ್ಲ, ಕೂಲಿಯ ಲೆಕ್ಕದಲ್ಲಿದೆ.

ಎರಡು ನಳಿಗೆ ಏಕೆ?

ನಮ್ಮ ಮಲೆನಾಡು ಮತ್ತು ಕೊಡಗಿನ ಓದುಗರಿಗೆ ಈ ಕೋವಿಯನ್ನು ಹೆಚ್ಚು ವಿವರಿಸಬೇಕಿಲ್ಲ. ಇದು ತೋಟಾ ಕೋವಿಯ ಜಾತಿಗೆ ಸೇರಿದ್ದು. ರೈಫಲ್ಲಿನಿಂದ ಒಂದೇ ಗುಂಡು ಹೊರಟರೆ, ಇದರ ತೋಟಾದಿಂದ ಸಣ್ಣ ಚರೆಗಳ ಹಿಂಡೇ ಹೊರಟು ಹರಡಿಕೊಳ್ಳುತ್ತದೆ. ಹಾರುವ ಹಕ್ಕಿ, ಓಡುವ ಮೊಲಕ್ಕೆ ಇದೇ ಸರಿಯಾದ ಆಯುಧ. 12 ಬೋರ್ ಎಂಬ ಲೆಕ್ಕ ಹಳೆಯ ಕಾಲದ್ದು. ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು 12 ಸೇರಿದರೆ ಒಂದು ಪೌಂಡು ತೂಗುತ್ತವೆ ಎಂಬುದು ಅದರ ಅರ್ಥ. ಆದ್ದರಿಂದಲೇ 16 ಬೋರು 12ಕ್ಕಿಂತ ಕಿರಿದು, 20 ಇನ್ನೂ ಕಿರಿದು.

ನಳಿಗೆ ಎರಡಾದರೆ ಅನುಕೂಲವೂ ಎರಡು. ಮೊದಲ ಈಡು ತಪ್ಪಿದರೆ ಮರುಕ್ಷಣವೇ ಎರಡನೆಯದು ಸಿದ್ಧವಿರುತ್ತದೆ. ಇನ್ನೊಂದು ಅನುಕೂಲ ಅಷ್ಟು ಎದ್ದು ಕಾಣುವುದಿಲ್ಲ. ನಳಿಗೆಯ ಮೂತಿಯನ್ನು ತುಸು ಕಿರಿದು ಮಾಡಿದರೆ ಚರೆ ಹೆಚ್ಚು ಹರಡದೆ ದೂರದವರೆಗೆ ಒತ್ತಾಗಿ ಹೋಗುತ್ತದೆ. ಇದಕ್ಕೆ ‘ಚೋಕ್’ ಎನ್ನುತ್ತಾರೆ. ಸಾಮಾನ್ಯವಾಗಿ ಬಲ ನಳಿಗೆಯನ್ನು ಹತ್ತಿರದ ಗುರಿಗೂ ಎಡ ನಳಿಗೆಯನ್ನು ದೂರದ ಗುರಿಗೂ ಹೊಂದಿಸಿರುತ್ತಾರೆ. ಟ್ರಿಗರ್ ಎರಡಿರುವುದರಿಂದ ಯಾವುದು ಬೇಕೆಂದು ಆ ಕ್ಷಣದಲ್ಲೇ ಆರಿಸಿಕೊಳ್ಳಬಹುದು. ಒಂದು ಕಡೆಯ ಕೀಲು ಕೆಟ್ಟರೂ ಇನ್ನೊಂದು ಕಡೆ ಕೆಲಸ ಮಾಡುತ್ತದೆ. ರಿಪೇರಿಗೆ ಪಟ್ಟಣಕ್ಕೆ ಹೋಗಿ ಬರಲು ಎರಡು ದಿನ ಹಿಡಿಯುತ್ತಿದ್ದ ಕಾಲದ ರೈತನಿಗೆ ಇದು ಸಣ್ಣ ಮಾತಲ್ಲ.

ಹೊರಗಿನ ಮಾಲು, ಒಳಗಿನ ಕಾರ್ಖಾನೆ

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಅಮೆರಿಕದ ಅಗ್ಗದ ಜೋಡಿ ನಳಿಗೆಗಳು ಸಮುದ್ರ ದಾಟಿ ಬರುತ್ತಿದ್ದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಮತ್ತು ಬೆಲ್ಜಿಯಂನ ಲಿಯೇಜ್ ಇವುಗಳ ತವರು. ಲಿಯೇಜ್ ಸುತ್ತಮುತ್ತ ಮನೆಮನೆಯಲ್ಲೂ ಕೋವಿಯ ಒಂದೊಂದು ಭಾಗ ತಯಾರಾಗುತ್ತಿತ್ತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಮಾಡುತ್ತಿದ್ದ ‘ಡಮಾಸ್ಕಸ್’ ನಳಿಗೆಗಳಿಗೆ ಆ ಊರು ಹೆಸರಾಗಿತ್ತು. ಅಲ್ಲಿಂದ ಬಂದ ಮಾಲಿನಲ್ಲಿ ಒಳ್ಳೆಯದೂ ಇತ್ತು, ಕಳಪೆಯೂ ಇತ್ತು. ಹೆಸರಾಂತ ಇಂಗ್ಲಿಷ್ ತಯಾರಕರ ಹೆಸರನ್ನೇ ಹೋಲುವ ಹೆಸರು ಕೆತ್ತಿ ಗಿರಾಕಿಯ ಕಣ್ಣಿಗೆ ಮಣ್ಣೆರಚುವುದೂ ನಡೆಯುತ್ತಿತ್ತು.

1890ರಲ್ಲಿ ಜಾರಿಗೆ ಬಂದ ಮೆಕಿನ್ಲಿ ಸುಂಕ ಕಾಯ್ದೆ ಹೊರಗಿನಿಂದ ಬರುವ ಜೋಡಿ ನಳಿಗೆಗಳ ಮೇಲಿನ ಸುಂಕವನ್ನು ಏರಿಸಿತು. ಮಾಲು ತಯಾರಾದ ದೇಶದ ಹೆಸರನ್ನು ಅದರ ಮೇಲೆ ನಮೂದಿಸಬೇಕೆಂದೂ ವಿಧಿಸಿತು. ಅಷ್ಟು ಹೊತ್ತಿಗೆ ಅಮೆರಿಕದ ಕಾರ್ಖಾನೆಗಳೂ ಸಿದ್ಧವಾಗಿದ್ದವು.

ಕನೆಕ್ಟಿಕಟ್ ರಾಜ್ಯದ ಮೆರಿಡೆನ್ ಊರಿನ ಚಾರ್ಲ್ಸ್ ಪಾರ್ಕರ್ ಮೊದಲು ಕಾಫಿ ಬೀಜ ಪುಡಿ ಮಾಡುವ ಯಂತ್ರಗಳಿಂದ ಹಣ ಕಂಡವನು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಬಂದೂಕು ಮಾಡಿಕೊಟ್ಟು, ಯುದ್ಧ ಮುಗಿದ ಮೇಲೆ ಜೋಡಿ ನಳಿಗೆಗೆ ಇಳಿದ. ಸಿರಕ್ಯೂಸ್ ನಗರದಲ್ಲಿ ಡಾನ್ ಲೆಫೀವರ್ ಹೊರಗೆ ಕುದುರೆ ಕಾಣದ ಕೋವಿಗಳನ್ನು ಮಾಡಿ ಹೆಸರಾದ. ಅದೇ ಊರಿನ ಎಲ್.ಸಿ. ಸ್ಮಿತ್ ಕಾರ್ಖಾನೆಯ ಕಥೆ ಸ್ವಾರಸ್ಯವಾಗಿದೆ. ಅಲ್ಲಿನ ಕೋವಿಯ ಕೀಲನ್ನು ರೂಪಿಸಿದ ಅಲೆಗ್ಸಾಂಡರ್ ಬ್ರೌನ್ ಎಂಬ ತಂತ್ರಜ್ಞನೇ ಬಳಿಕ ಒಂದು ಟೈಪ್‌ರೈಟರನ್ನೂ ರೂಪಿಸಿದ. ಸ್ಮಿತ್ ಕೋವಿ ವ್ಯಾಪಾರವನ್ನು ಹಂಟರ್ ಸಹೋದರರಿಗೆ ಮಾರಿ ಟೈಪ್‌ರೈಟರಿನತ್ತ ತಿರುಗಿದ. ಮುಂದೆ ಕಚೇರಿಗಳಲ್ಲಿ ಹೆಸರಾದ ‘ಸ್ಮಿತ್ ಕರೋನಾ’ ಟೈಪ್‌ರೈಟರಿನ ಹೆಸರಿನಲ್ಲಿ ಇರುವುದು ಇದೇ ಸ್ಮಿತ್ ಮನೆತನ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ 1883ರಲ್ಲಿ ಇನ್ನೊಂದು ಕಾರ್ಖಾನೆ ಎದ್ದಿತು. 1905ರಲ್ಲಿ ಫಿಲಡೆಲ್ಫಿಯಾದಲ್ಲಿ ಆನ್ಸ್‌ಲಿ ಫಾಕ್ಸ್ ತನ್ನ ಹೆಸರಿನ ಕಂಪೆನಿ ತೆರೆದ.

ಇವರೆಲ್ಲ ಕೆತ್ತನೆಯ ಕುಸುರಿ ತುಂಬಿದ ದುಬಾರಿ ಕೋವಿಗಳನ್ನೂ ಮಾಡುತ್ತಿದ್ದರು. ಆದರೆ ಕಾರ್ಖಾನೆಯ ಒಲೆ ಉರಿಯುತ್ತಿದ್ದುದು ಸಾದಾ ಕೋವಿಗಳಿಂದ. ಫಾಕ್ಸ್ ಕಂಪೆನಿ 1910ರ ಸುಮಾರಿಗೆ ‘ಸ್ಟರ್ಲಿಂಗ್‌ವರ್ತ್’ ಎಂಬ ಮಾದರಿಯನ್ನು 25 ಡಾಲರಿಗೆ ಮಾರಾಟಕ್ಕೆ ತಂದಿತು. ಪಾರ್ಕರ್ ಕಂಪೆನಿ ಅದಕ್ಕೆ ಉತ್ತರವೆಂಬಂತೆ ‘ಟ್ರೋಜನ್’ ಹೊರತಂದಿತು. ಆ ಬೆಲೆ ಎಷ್ಟು ದೊಡ್ಡದು? 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿದ್ದು ದೊಡ್ಡ ಸುದ್ದಿಯಾಯಿತು. ಅದಕ್ಕೆ ಮುಂಚೆ ಅಲ್ಲಿನ ಕೂಲಿ 2 ಡಾಲರ್ 34 ಸೆಂಟ್ ಇತ್ತು. ಅಂದರೆ ಒಳ್ಳೆಯ ಕೂಲಿಯವನಿಗೂ ಸ್ಟರ್ಲಿಂಗ್‌ವರ್ತ್ ಹತ್ತು ಹನ್ನೊಂದು ದಿನದ ದುಡಿಮೆ. ಸಾಧಾರಣ ರೈತನಿಗೆ ಅದೂ ಭಾರವೇ. ಅವನಿಗೆ ಬೇಕಾದದ್ದು ಇನ್ನೂ ಕೆಳಗಿನ ಬೆಲೆಯ ಕೋವಿ.

ಒಂದೇ ಕೋವಿ, ನೂರು ಹೆಸರು

ಆ ಕೆಳಗಿನ ಬೆಲೆಯ ಪೇಟೆಯ ಒಡೆಯ ಯಾರೆಂದು ಬಹಳ ಗಿರಾಕಿಗಳಿಗೆ ತಿಳಿದೇ ಇರಲಿಲ್ಲ. ಕನೆಕ್ಟಿಕಟ್‌ನ ನಾರ್ವಿಚ್ ಊರಿನಲ್ಲಿದ್ದ ಕ್ರೆಸೆಂಟ್ ಕಂಪೆನಿ ಒಂದೇ ಬಗೆಯ ಕೋವಿ ಮಾಡಿ, ಅದರ ಮೇಲೆ ಕೊಳ್ಳುವ ವ್ಯಾಪಾರಿ ಹೇಳಿದ ಹೆಸರನ್ನು ಕೆತ್ತಿ ಕಳಿಸುತ್ತಿತ್ತು. ಒಂದೊಂದು ಊರಿನ ಕಬ್ಬಿಣದ ಸಾಮಾನಿನ ಸಗಟು ವ್ಯಾಪಾರಿಗೂ ತನ್ನದೇ ಹೆಸರಿನ ಕೋವಿ. ಹೀಗೆ ನೂರಕ್ಕೂ ಹೆಚ್ಚು ಹೆಸರುಗಳು ಚಾಲ್ತಿಯಲ್ಲಿದ್ದವು. ಅಜ್ಜನ ಕೋವಿಯ ಮೇಲಿರುವ ಅಪರಿಚಿತ ಹೆಸರನ್ನು ನೋಡಿ ಅಪರೂಪದ ವಸ್ತುವೆಂದು ಸಂಭ್ರಮಿಸಿದ ಎಷ್ಟೋ ಮೊಮ್ಮಕ್ಕಳು, ಅದು ಕ್ರೆಸೆಂಟ್‌ನ ಸಾಮಾನ್ಯ ಮಾಲೆಂದು ತಿಳಿದು ಮುಖ ಸಪ್ಪೆ ಮಾಡಿಕೊಳ್ಳುವುದು ಅಮೆರಿಕದಲ್ಲಿ ಇಂದಿಗೂ ನಡೆಯುತ್ತದೆ.

ಅಂಗಡಿಯಷ್ಟೇ ದೊಡ್ಡ ದಾರಿ ಅಂಚೆ. ಸಿಯರ್ಸ್ ರೋಬಕ್ ಕಂಪೆನಿಯ ದಪ್ಪ ಕ್ಯಾಟಲಾಗು ಹಳ್ಳಿಮನೆಗಳನ್ನು ತಲುಪುತ್ತಿತ್ತು. ಹೊಲಿಗೆ ಯಂತ್ರ, ನೇಗಿಲು, ಬಟ್ಟೆಬರೆಗಳ ಜೊತೆಗೆ ಪುಟಗಟ್ಟಲೆ ಕೋವಿಗಳೂ ಅದರಲ್ಲಿದ್ದವು. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೆ ಅಂಚೆ ತಲುಪಿಸುವ ವ್ಯವಸ್ಥೆ ಆರಂಭವಾಯಿತು. 1913ರ ಜನವರಿ 1ರಿಂದ ಪಾರ್ಸೆಲ್ ಅಂಚೆಯೂ ಸೇರಿಕೊಂಡಿತು. ಪಟ್ಟಣದ ವ್ಯಾಪಾರಿಯ ಲಾಭ ತಪ್ಪಿದ್ದರಿಂದ ಬೆಲೆ ಇಳಿಯಿತು. ಸಿಯರ್ಸ್ ಸಾಲದೆಂಬಂತೆ ಪಾರ್ಕರ್‌ನ ಊರಾದ ಮೆರಿಡೆನ್‌ನಲ್ಲೇ ಸ್ವಂತ ಕೋವಿ ಕಾರ್ಖಾನೆಯನ್ನೂ ನಡೆಸಿತು. ಮುಂದಿನ ದಶಕಗಳಲ್ಲಿ ಸಿಯರ್ಸ್‌ನ ‘ರೇಂಜರ್’, ‘ಜೆ.ಸಿ. ಹಿಗಿನ್ಸ್’ ಹೆಸರಿನ ಜೋಡಿ ನಳಿಗೆಗಳನ್ನು ಸ್ಟೀವನ್ಸ್ ಮಾಡಿಕೊಡತೊಡಗಿತು.

1916ರಲ್ಲಿ ಲೆಫೀವರ್ ಕಂಪೆನಿಯನ್ನು ಕೊಂಡ ಇಥಾಕಾ, 1921ರಲ್ಲಿ ಆ ಹೆಸರಿನಡಿ ‘ನೈಟ್ರೋ ಸ್ಪೆಷಲ್’ ಎಂಬ ಅಗ್ಗದ ಕೋವಿಯನ್ನು ಪೇಟೆಗೆ ಬಿಟ್ಟಿತು. ಈ ಹೆಸರಿನ ಹಿಂದೆ ಒಂದು ಕಾರಣವಿದೆ. 1890ರ ದಶಕದಿಂದ ಹಳೆಯ ಕರಿಮದ್ದಿನ ಜಾಗಕ್ಕೆ ಹೊಗೆ ಬಾರದ ಹೊಸ ನೈಟ್ರೋ ಮದ್ದು ಬಂದಿತು. ಅದರ ಒತ್ತಡ ತಾಳಲು ಗಟ್ಟಿ ಉಕ್ಕಿನ ನಳಿಗೆ ಬೇಕು. ‘ನೈಟ್ರೋ’ ಎಂದು ಹೆಸರಿಡುವುದೆಂದರೆ, ಹೊಸ ಮದ್ದಿಗೆ ಈ ನಳಿಗೆ ಸಿಡಿಯುವುದಿಲ್ಲ ಎಂದು ರೈತನಿಗೆ ಧೈರ್ಯ ಹೇಳಿದ ಹಾಗೆ.

ಹಕ್ಕಿಗಳು ತೆತ್ತ ಬೆಲೆ

ಕೋವಿ ಎಲ್ಲರ ಕೈಗೆ ಬಂದದ್ದಕ್ಕೆ ಇನ್ನೊಂದು ಮುಖವೂ ಇದೆ. ನಗರದ ಹೋಟೆಲುಗಳಿಗೆ ಬಾತು, ಪಾರಿವಾಳಗಳನ್ನು ಹೊಡೆದು ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ಕಳಿಸುವುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಂದು ಕಸುಬಾಗಿತ್ತು. ಆಕಾಶ ಮುಚ್ಚುವಂತೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳಗಳ ವಂಶ ಬಲೆ, ಕೋವಿ, ರೈಲು, ತಂತಿ ಮತ್ತು ಕಾಡುನಾಶ ಎಲ್ಲ ಒಟ್ಟುಗೂಡಿದ್ದರಿಂದ ಅಳಿಯಿತು. ಗೂಡು ಕಟ್ಟಿದ ಜಾಗದ ಸುದ್ದಿಯನ್ನು ತಂತಿ ಹರಡಿದರೆ, ಬೇಟೆಗಾರರನ್ನು ರೈಲು ತಂದಿಳಿಸುತ್ತಿತ್ತು. ಮಾರ್ಥಾ ಎಂದು ಹೆಸರಿಟ್ಟಿದ್ದ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಅಷ್ಟರಲ್ಲಿ ಕಾನೂನು ಎಚ್ಚೆತ್ತಿತ್ತು. ಅಕ್ರಮವಾಗಿ ಕೊಂದ ಪ್ರಾಣಿ ಪಕ್ಷಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸದಂತೆ 1900ರ ಲೇಸಿ ಕಾಯ್ದೆ ತಡೆಯಿತು. 1918ರ ವಲಸೆ ಹಕ್ಕಿಗಳ ಕಾಯ್ದೆ ಮಾರಾಟದ ಬೇಟೆಗೆ ಕೊನೆ ಹಾಡಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ರಕ್ಷಣೆಗೇ ಮೀಸಲಿಟ್ಟಿತು. ಆ ತೆರಿಗೆ ಇಂದಿಗೂ ಶೇಕಡಾ 11. ಹೀಗಾಗಿ ಹಕ್ಕಿಗಳ ನಾಶದಲ್ಲಿ ಪಾಲಿದ್ದ ಅದೇ ಅಗ್ಗದ ಕೋವಿಗಳು, ಉಳಿದ ಹಕ್ಕಿಗಳ ಕೆರೆ ಜೌಗುಗಳನ್ನು ಉಳಿಸಲೂ ಹಣ ತೆತ್ತವು.

ಯಂತ್ರ ಸೋತ ಕೆಲಸ

ಇನ್ನು ಮೂಲ ಪ್ರಶ್ನೆಗೆ ಬರೋಣ. ಜೋಡಿ ನಳಿಗೆ ನೋಡಲು ಸರಳ. ಮಾಡಲು ಹಾಗಲ್ಲ. ಎರಡು ನಳಿಗೆಗಳನ್ನು ಪಕ್ಕಪಕ್ಕ ಇಟ್ಟು ಕೂಡಿಸಿದರೆ ಸಾಲದು. ಅವು ಬುಡದಲ್ಲಿ ದಪ್ಪ, ಮೂತಿಯಲ್ಲಿ ತೆಳು. ಬುಡದಿಂದ ಮೂತಿಯತ್ತ ಹೋದಂತೆ ಒಂದಕ್ಕೊಂದು ಹತ್ತಿರ ಬರಬೇಕು. ಸುಮಾರು 40 ಗಜ ದೂರದಲ್ಲಿ ಎರಡರ ಚರೆಯೂ ಒಂದೇ ಜಾಗಕ್ಕೆ ಬೀಳಬೇಕು. ನಡುವೆ ಉದ್ದಕ್ಕೂ ಕೂರುವ ಪಟ್ಟಿಯನ್ನು ಬೆಸುಗೆ ಹಾಕುವಾಗ ಬಿಸಿ ಹೆಚ್ಚಾದರೆ ನಳಿಗೆ ಸೊಟ್ಟಗಾಗುತ್ತದೆ, ಕಡಿಮೆಯಾದರೆ ಪಟ್ಟಿ ಬಿಟ್ಟುಬರುತ್ತದೆ. ಆಮೇಲೆ ನಳಿಗೆಯ ಬುಡವನ್ನು ಕೋವಿಯ ಉಕ್ಕಿನ ಮುಖಕ್ಕೆ ಸಂದಿಲ್ಲದಂತೆ ಕೂರಿಸಬೇಕು. ಒಳ್ಳೆಯ ಕಸುಬುದಾರ ದೀಪದ ಕಾಡಿಗೆ ಹಿಡಿಸಿ ಮುಚ್ಚಿ ನೋಡುತ್ತಿದ್ದ. ಕಪ್ಪು ಅಂಟಿದ ಕಡೆ ಅರದಿಂದ ಒಂದಿಷ್ಟು ಉಜ್ಜಿ ಮತ್ತೆ ಮುಚ್ಚುತ್ತಿದ್ದ. ಹೀಗೆ ಹತ್ತಾರು ಸಲ.

ಇದಕ್ಕೆ ಎದುರಾಗಿ ನಿಂತದ್ದು ಪಂಪ್ ಕೋವಿ. ಇದಕ್ಕೆ ಒಂದೇ ನಳಿಗೆ. ಕೆಳಗೆ ತೋಟಾ ತುಂಬುವ ಕೊಳವೆ. ಎಡಗೈಯಲ್ಲಿ ಹಿಡಿದ ಮರದ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1897ರ ಮಾದರಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಇದರಲ್ಲಿ ಬಿಡಿಭಾಗಗಳು ಹೆಚ್ಚು. ಆದರೆ ಪ್ರತಿಯೊಂದನ್ನೂ ಯಂತ್ರ ಕತ್ತರಿಸಿ ಹಾಕುತ್ತದೆ, ಯಾರು ಬೇಕಾದರೂ ಜೋಡಿಸಬಹುದು. ಎರಡು ನಳಿಗೆಗಳನ್ನು ಹೊಂದಿಸುವ ತಾಪತ್ರಯವೇ ಇಲ್ಲ. ವಲಸೆ ಹಕ್ಕಿಗಳ ಬೇಟೆಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ತುಂಬಬಾರದೆಂದು 1935ರಲ್ಲಿ ಕಟ್ಟಳೆ ಬಂದಾಗ ಪಂಪ್ ಕೋವಿಯ ಹೆಚ್ಚುಗಾರಿಕೆ ಒಂದೇ ಈಡಿಗೆ ಇಳಿಯಿತು. ಆದರೂ ಗಿರಾಕಿ ಜೋಡಿ ನಳಿಗೆಗೆ ಹಿಂತಿರುಗಲಿಲ್ಲ. ನಿರ್ಧಾರವಾದದ್ದು ಈಡಿನ ಸಂಖ್ಯೆಯಿಂದಲ್ಲ, ಬೆಲೆಯಿಂದ.

1929ರ ಆರ್ಥಿಕ ಕುಸಿತ ಉಳಿದ ಕೆಲಸ ಮಾಡಿತು. ಫಾಕ್ಸ್ ಕಂಪೆನಿ 1929ರಲ್ಲೇ ಸ್ಯಾವೇಜ್ ಕಂಪೆನಿಯ ಪಾಲಾಗಿತ್ತು. ಪಾರ್ಕರ್ 1934ರಲ್ಲಿ ರೆಮಿಂಗ್ಟನ್ ಕೈಸೇರಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಪಾರ್ಕರ್ ತಯಾರಿಕೆಯೇ ನಿಂತಿತು. ಮುಕ್ಕಾಲು ಶತಮಾನದಲ್ಲಿ ಅದು ಮಾಡಿದ್ದು ಸುಮಾರು 2,42,000 ಕೋವಿ. ಮಾರ್ಲಿನ್ ಕಂಪೆನಿ 1945ರಲ್ಲಿ ಕೊಂಡ ಎಲ್.ಸಿ. ಸ್ಮಿತ್ ಕಾರ್ಖಾನೆಯ ನೆಲ 1949ರಲ್ಲಿ ಕುಸಿಯಿತು. ಸ್ವಲ್ಪ ಸಮಯದಲ್ಲೇ ಅಲ್ಲಿನ ಕೆಲಸವೂ ನಿಂತಿತು. ಇಥಾಕಾ 1948ರಲ್ಲಿ ಜೋಡಿ ನಳಿಗೆಗೆ ಕೈಮುಗಿಯಿತು. 1950ರಲ್ಲಿ ರೆಮಿಂಗ್ಟನ್ ಕಂಪೆನಿ 870 ಎಂಬ ಪಂಪ್ ಕೋವಿ ತಂದಿತು. ಅದು ಈವರೆಗೆ ಒಂದು ಕೋಟಿಗೂ ಹೆಚ್ಚು ಮಾರಾಟವಾಗಿದೆ.

ಕೊನೆಗೆ ಉಳಿದದ್ದು 311

ಅಗ್ಗದ ಜೋಡಿ ನಳಿಗೆಯ ವಂಶ ಉಳಿದದ್ದು ಸ್ಯಾವೇಜ್ ಸೂರಿನಡಿ. ಸ್ಟೀವನ್ಸ್ ಕಂಪೆನಿಯನ್ನು 1920ರಲ್ಲೇ ಕೊಂಡಿದ್ದ ಸ್ಯಾವೇಜ್, 1930ರ ದಶಕದ ಆರಂಭದಲ್ಲಿ ಕ್ರೆಸೆಂಟನ್ನೂ ನುಂಗಿತು. ಸ್ಟೀವನ್ಸ್ 311 ಎಂಬ ಮಾದರಿ ಹೆಚ್ಚು ಕಡಿಮೆ ಅರ್ಧ ಶತಮಾನ ನಡೆಯಿತು. ಅದು ಭಾರ, ಒರಟು. ಮರದ ಮೇಲೆ ಕೆತ್ತಬೇಕಾದ ಗೆರೆಗಳನ್ನು ಅಚ್ಚಿನಿಂದ ಒತ್ತಿದ ಕಾಲವೂ ಇತ್ತು. 1940ರ ದಶಕದಲ್ಲಿ ಕೆಲವಕ್ಕೆ ಮರದ ಬದಲು ಟೆನೈಟ್ ಎಂಬ ಪ್ಲಾಸ್ಟಿಕ್ಕಿನ ಹಿಡಿಯನ್ನೇ ಹಾಕಿದರು. ಕುಶಲಿಗಳು ಮೂಗು ಮುರಿದರು. ಆದರೆ ಮಳೆ, ಕೆಸರು, ಟ್ರ್ಯಾಕ್ಟರಿನ ಕುಲುಕಾಟ ಯಾವುದಕ್ಕೂ 311 ಜಗ್ಗಲಿಲ್ಲ. ಇದೇ ವಿನ್ಯಾಸಕ್ಕೆ ತುಸು ಒಪ್ಪ ಕೊಟ್ಟು ‘ಫಾಕ್ಸ್ ಬಿ’ ಎಂದು ಮಾರಿದರು. ಫಿಲಡೆಲ್ಫಿಯಾದ ಫಾಕ್ಸ್‌ಗೂ ಅದಕ್ಕೂ ಹೆಸರೊಂದೇ ನಂಟು.

ವಿಂಚೆಸ್ಟರ್ ಕೂಡ 1939ರಲ್ಲಿ ‘ಮಾದರಿ 24’ ಎಂಬ ಅಗ್ಗದ ಜೋಡಿ ನಳಿಗೆಯನ್ನು ತಂದು 1957ರಲ್ಲಿ ಕೈಬಿಟ್ಟಿತು. 1968ರ ಬಂದೂಕು ನಿಯಂತ್ರಣ ಕಾಯ್ದೆಯಿಂದ ಬೇರೆ ರಾಜ್ಯದಿಂದ ಅಂಚೆಯಲ್ಲಿ ನೇರವಾಗಿ ಮನೆಗೆ ಕೋವಿ ತರಿಸುವುದು ನಿಂತಿತು. 1988ರಲ್ಲಿ ಸ್ಯಾವೇಜ್ ದಿವಾಳಿ ಅರ್ಜಿ ಹಾಕಿದಾಗ 311 ಮತ್ತು ಫಾಕ್ಸ್ ಬಿ ಎರಡೂ ಪಟ್ಟಿಯಿಂದ ಹೊರಬಿದ್ದವು. ಕಂಪೆನಿ ಮತ್ತೆ ಎದ್ದಿತು. ಆ ಕೋವಿಗಳು ಏಳಲಿಲ್ಲ.

ಹೊರದೇಶದ ಕೈಗಳು

ಗಿರಾಕಿಗಳು ಇಲ್ಲದೆ ಹೀಗಾಯಿತೆಂದು ತಿಳಿಯಬಾರದು. ತಾನೇ ಮಾಡುವುದನ್ನು ಬಿಟ್ಟ ಇಥಾಕಾ, 1960ರ ದಶಕದಲ್ಲಿ ಜಪಾನಿನ ಎಸ್‌ಕೆಬಿ ಕೋವಿಗಳನ್ನು ತರಿಸಿ ಮಾರಿತು. ಬ್ರೌನಿಂಗ್ ಕಂಪೆನಿಯ ಜೋಡಿ ನಳಿಗೆಯೂ ಜಪಾನಿನದೇ. ಸ್ಪೇನಿನ ಕೋವಿಗಳು ಬಂದವು, ಬಳಿಕ ಬ್ರೆಜಿಲಿನವು ಬಂದವು. 1980ರ ದಶಕದಲ್ಲಿ ಅಮೆರಿಕದ ಹೆಮ್ಮೆಯಾದ ಪಾರ್ಕರ್ ಕೋವಿಯ ಪ್ರತಿರೂಪವನ್ನು ತಯಾರಿಸಿದ್ದೂ ಜಪಾನಿನಲ್ಲಿ. ಈಗ ತುರ್ಕಿಯ ಸರದಿ. ಕೊನ್ಯಾ ಪ್ರಾಂತದ ಹುಗ್ಲು ಎಂಬ ಊರಿನ ಸಹಕಾರ ಸಂಘ ಮಾಡಿದ ಜೋಡಿ ನಳಿಗೆಗಳು ಅಮೆರಿಕದ ಅಂಗಡಿಗಳಲ್ಲಿ ಬೇರೆ ಹೆಸರಿನಡಿ ಮಾರಾಟವಾಗಿವೆ. ಜಪಾನಿನಲ್ಲಿ ಕೂಲಿ ಏರಿದಾಗ ಕೆಲಸ ಸ್ಪೇನ್, ಬ್ರೆಜಿಲ್, ತುರ್ಕಿಗಳತ್ತ ಸರಿದದ್ದನ್ನು ನೋಡಿದರೆ ಈ ಕೋವಿಯ ಗುಟ್ಟು ಅರ್ಥವಾಗುತ್ತದೆ. ನುರಿತ ಕೈ ಕಡಿಮೆ ಕೂಲಿಗೆ ಸಿಗುವ ಕಡೆಗೆ ಅದು ಹೋಗುತ್ತದೆ.

ಅಮೆರಿಕದಲ್ಲೇ ಮಾಡಿ ತೋರಿಸುವ ಪ್ರಯತ್ನವೂ ನಡೆಯಿತು. ರುಗರ್ ಕಂಪೆನಿ 2002ರಲ್ಲಿ ಎರಡು ಸಾವಿರ ಡಾಲರಿನ ಆಸುಪಾಸಿನ ಬೆಲೆಗೆ ‘ಗೋಲ್ಡ್ ಲೇಬಲ್’ ಎಂಬ ಜೋಡಿ ನಳಿಗೆಯನ್ನು ಪ್ರಕಟಿಸಿತು. ಉಕ್ಕನ್ನು ಅಚ್ಚಿಗೆ ಎರೆದು ಭಾಗಗಳನ್ನು ತಯಾರಿಸುವುದರಲ್ಲಿ ರುಗರ್ ಪಳಗಿದ ಸಂಸ್ಥೆ. ಆದರೂ ಕೆಲವೇ ಕೋವಿಗಳು ಹೊರಬಂದು, 2008ರಲ್ಲಿ ಅದನ್ನು ಕೈಬಿಟ್ಟಿತು.

ಹಳೆಯ ಮಾಲಿನ ಪೇಟೆ

ಹೀಗಾಗಿ ಅಗ್ಗದ ಅಮೆರಿಕನ್ ಜೋಡಿ ನಳಿಗೆ ಬೇಕೆನ್ನುವವನಿಗೆ ಇಂದು ಉಳಿದಿರುವುದು ಹಳೆಯ ಮಾಲಿನ ಪೇಟೆಯೊಂದೇ. ಅಲ್ಲಿ ಬೆಲೆಗಳ ನಡುವೆ ಆಕಾಶ ಭೂಮಿಯ ಅಂತರ. 1909ರಲ್ಲಿ ಆಫ್ರಿಕಾ ಪ್ರವಾಸಕ್ಕೆ ಹೊರಟ ಥಿಯೊಡೋರ್ ರೂಸ್‌ವೆಲ್ಟ್‌ಗೆ ಫಾಕ್ಸ್ ಕಂಪೆನಿ ಉಡುಗೊರೆಯಾಗಿ ಕೊಟ್ಟ ಕೋವಿ 2010ರ ಹರಾಜಿನಲ್ಲಿ 8,62,500 ಡಾಲರಿಗೆ ಹೋಯಿತು. ಅದೇ ಪೇಟೆಯಲ್ಲಿ ನೈಟ್ರೋ ಸ್ಪೆಷಲ್ ಅಥವಾ 311 ಇಂದಿಗೂ ಕೆಲವು ನೂರು ಡಾಲರಿಗೆ ಸಿಗುತ್ತದೆ.

ಕೊಳ್ಳುವವರಿಗೆ ಪರೀಕ್ಷೆಯ ಕ್ರಮಗಳಿವೆ. ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ಬಿಚ್ಚಿದ ನಳಿಗೆಗಳನ್ನು ತೂಗುಹಾಕಿ ತಟ್ಟುತ್ತಾರೆ. ಗಂಟೆಯಂತೆ ಮೊಳಗಿದರೆ ಬೆಸುಗೆ ಗಟ್ಟಿ, ಮೊಂಡು ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಕೋವಿ ತೆರೆಯುವ ಮೇಲಿನ ಸನ್ನೆ ಹೊಸದರಲ್ಲಿ ನಡುಗೆರೆಯಿಂದ ಬಲಕ್ಕಿರುತ್ತದೆ. ಸವೆದಂತೆ ನಡುವಿಗೆ ಬರುತ್ತದೆ, ಎಡಕ್ಕೆ ದಾಟಿದ್ದರೆ ಕೋವಿ ಬಹಳ ದುಡಿದಿದೆ ಎಂದರ್ಥ. ಡಮಾಸ್ಕಸ್ ನಳಿಗೆ ಕಂಡರೆ, ತಿಳಿದವರಿಗೆ ತೋರಿಸದೆ ಇಂದಿನ ತೋಟಾ ಹಾಕಬಾರದು. 1991ರಿಂದ ಬಾತುಗಳ ಬೇಟೆಗೆ ಸೀಸದ ಚರೆಯನ್ನು ಅಮೆರಿಕದಾದ್ಯಂತ ನಿಷೇಧಿಸಲಾಗಿದೆ. ಬದಲಿಗೆ ಬಂದ ಉಕ್ಕಿನ ಚರೆ ಹಳೆಯ ನಳಿಗೆಯ ಕಿರಿದಾದ ಮೂತಿಯನ್ನು ಕೆಡಿಸಬಹುದು. ಕೆರೆಯ ದಡದಲ್ಲಿ ಬೆಳೆದ ಎಷ್ಟೋ ಕೋವಿಗಳು ಆ ದಡಕ್ಕೆ ಹೋಗದಂತಾದದ್ದು ಹೀಗೆ.

ಯಾವ ಸರ್ಕಾರವೂ ರೈತನ ಜೋಡಿ ನಳಿಗೆಯನ್ನು ನಿಷೇಧಿಸಲಿಲ್ಲ. ಜನರಿಗೂ ಅದು ಬೇಡವಾಗಿರಲಿಲ್ಲ. ಅದು ಅಗ್ಗವಾಗಿದ್ದುದು ಉಕ್ಕು ಅಗ್ಗವಾಗಿದ್ದುದರಿಂದಲ್ಲ. ಬೆಸುಗೆ ಹಾಕುವವನ, ಅರ ಹಿಡಿದು ಉಜ್ಜುವವನ ಕೂಲಿ ಕಡಿಮೆ ಇದ್ದುದರಿಂದ. ಆ ಕೂಲಿ ಏರಿದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಅದರೊಂದಿಗೆ, ಸಾಮಾನ್ಯನ ಮನೆಯಲ್ಲಿ ಇರಬಹುದಾಗಿದ್ದ ನುರಿತ ಕೈಯ ಕೆಲಸವೊಂದು ಶ್ರೀಮಂತರ ಕಪಾಟನ್ನು ಸೇರಿತು. ಮೆರಿಡೆನ್, ಸಿರಕ್ಯೂಸ್, ನಾರ್ವಿಚ್‌ಗಳಲ್ಲಿ ಆ ಕಸುಬು ಮುಗಿದು ದಶಕಗಳಾದವು. ಅಲ್ಲಿ ತಯಾರಾದ ಸಾದಾ ಕೋವಿಗಳು ಮಾತ್ರ ಮೂರನೆಯ, ನಾಲ್ಕನೆಯ ತಲೆಮಾರಿನ ಕೈಯಲ್ಲಿ ಇನ್ನೂ ಕೆಲಸ ಮಾಡುತ್ತಿವೆ.